ಎ ವಲಯದ ಕನ್ನಡ ಸಾಲಿ

ಸರ್ಕಾರಿ ಶಾಲೆಯ ಶಿಕ್ಷಕರ ವರ್ಗಾವಣೆಯ ಕಾಲ ಬಂತೆಂದರೆ ಮಾಸ್ತರರ, ಅಕ್ಕೋರ ಮಾತಿನಲ್ಲೆಲ್ಲ ಮೂರು ಅಕ್ಷರಗಳು ಓಡಾಡತೊಡಗುತ್ತವೆ: ಎ, ಬಿ, ಸಿ. 2007ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆಯಾಗಲಿ, ಅದರ ಜಾಗಕ್ಕೆ ಬಂದ 2020ರ ಕಾಯ್ದೆಯಾಗಲಿ, ಶಾಲೆಗಳನ್ನು ಈ ಮೂರು ವಲಯಗಳಾಗಿ ವಿಂಗಡಿಸುತ್ತವೆ. ಪಟ್ಟಣದ ಎಲ್ಲೆಯೊಳಗಿನದು ಎ ವಲಯ, ಅದರ ಆಸುಪಾಸಿನದು ಬಿ, ದೂರದ ಹಳ್ಳಿಗಳದು ಸಿ. ಹಳ್ಳಿಯ ಶಾಲೆಗಳು ಶಿಕ್ಷಕರಿಲ್ಲದೆ ಬರಿದಾಗಬಾರದು, ಅಲ್ಲಿ ವರ್ಷಗಟ್ಟಲೆ ದುಡಿದವರಿಗೆ ನ್ಯಾಯ ಸಿಗಬೇಕು ಎಂಬುದು ಈ ವಿಂಗಡಣೆಯ ಆಶಯ. ಆಶಯ ಸರಿಯಾದದ್ದೇ. ಆದರೆ ಅದರ ಬುಡದಲ್ಲಿ ಒಂದು ನಂಬಿಕೆ ಕೂತಿದೆ. ಹಳ್ಳಿಯೆಂದರೆ ಕಷ್ಟ, ಪಟ್ಟಣವೆಂದರೆ ಸುಖ. ಹೊಸಬರು ಹಳ್ಳಿಯಿಂದ ಶುರು ಮಾಡಬೇಕು, ಸೇವೆ ಸವೆದ ಮೇಲೆ ಪಟ್ಟಣ ಸೇರಬೇಕು ಎಂಬ ನಂಬಿಕೆ ಅದು. ಬಸ್ಸು, ಆಸ್ಪತ್ರೆ, ಬಾಡಿಗೆ ಮನೆಗಳ ಲೆಕ್ಕದಲ್ಲಿ, ಅಂದರೆ ಶಿಕ್ಷಕರ ಬದುಕಿನ ಲೆಕ್ಕದಲ್ಲಿ, ಇದು ನಿಜವೇ. ಮಕ್ಕಳ ಲೆಕ್ಕದಲ್ಲಿ ಮಾತ್ರ ಇದು ತಪ್ಪು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಪಟ್ಟಣಗಳ ಸರ್ಕಾರಿ ಶಾಲೆಗಳನ್ನು ಮುಂದಿಟ್ಟುಕೊಂಡು ನಾನು ಇಂದು ಹೇಳಬೇಕೆಂದಿರುವುದು ಇಷ್ಟು: ಪಟ್ಟಣದ ಬಡವರ ಶಾಲೆಗೆ ಶಿಕ್ಷಕರಾಗುವುದು ತನ್ನದೇ ತಯಾರಿ ಬೇಡುವ, ತನ್ನದೇ ಕಷ್ಟಗಳಿರುವ ಕೆಲಸ. ಅದನ್ನು ದಣಿದವರಿಗೆ ಕೊಡುವ ನೆರಳಿನಂತೆ ಹಂಚುವುದನ್ನು ಬಿಟ್ಟು, ತರಬೇತಿಯ ದಿನದಿಂದಲೇ ಮನಸ್ಸು ಮಾಡಿ ಆಯ್ದುಕೊಳ್ಳುವ ಕೆಲಸವಾಗಿ ನಾವು ಕಾಣಬೇಕು.

ಮೊದಲು ಈ ಊರುಗಳನ್ನು ನೋಡೋಣ. 2011ರ ಜನಗಣತಿಯಂತೆ ಬಾಗಲಕೋಟೆಯ ಜನಸಂಖ್ಯೆ 1 ಲಕ್ಷ 11 ಸಾವಿರಕ್ಕೆ ಮೇಲೆ, ಇಳಕಲ್ಲಿನದು 60 ಸಾವಿರ, ಬಾದಾಮಿಯದು ಸುಮಾರು 31 ಸಾವಿರ, ಹುನಗುಂದದ್ದು 20 ಸಾವಿರದ ಆಸುಪಾಸು. ಬಾಗಲಕೋಟೆ ತಾನು ನಿಂತ ನೆಲವನ್ನೇ ನೀರಿಗೆ ಬಿಟ್ಟುಕೊಟ್ಟ ಊರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಜಲಾಶಯದ ಹಿನ್ನೀರು ಹಳೇ ಊರಿನ ಓಣಿಗಳಿಗೆ ಬಂದು ನಿಂತಿತು. ಜನ ವಿದ್ಯಾಗಿರಿಯ ಆಚೆ ನವನಗರದ ಸೆಕ್ಟರುಗಳಿಗೆ ಹೋದರು. ಅಗಲ ರಸ್ತೆಗಳು ಸಿಕ್ಕವು, ಆದರೆ ಅಕ್ಕಪಕ್ಕದ ಮನೆಯವರು, ಕಾಲ್ನಡಿಗೆಯಲ್ಲೇ ಸಿಗುತ್ತಿದ್ದ ಕೂಲಿ, ಸಂಜೆಗೆ ಮಗುವನ್ನು ನೋಡಿಕೊಳ್ಳುತ್ತಿದ್ದ ಅಜ್ಜಿಯ ಕಟ್ಟೆ ಚದುರಿಹೋದವು. ಇಳಕಲ್ ನೇಕಾರರ ಊರು. ಅಲ್ಲಿ ಬೆಳಗ್ಗೆ ಮಗ್ಗದ ಸದ್ದಿನೊಂದಿಗೆ ಮನೆ ಏಳುತ್ತದೆ, ಕಂಡಿಕೆ ಸುತ್ತುವ ಕೆಲಸಕ್ಕೆ ಮಕ್ಕಳ ಸಣ್ಣ ಕೈಗಳು ಒದಗುತ್ತವೆ; ಊರ ಸುತ್ತ ಕೆಂಪು ಗ್ರಾನೈಟಿನ ಕ್ವಾರಿಗಳಿವೆ. ಬಾದಾಮಿಗೆ ಪ್ರವಾಸಿಗರು ಬರುತ್ತಾರೆ, ಆದರೆ ಪ್ರವಾಸದ ದುಡಿಮೆ ಹಂಗಾಮಿನದು. ಹಂಗಾಮು ಮುಗಿದ ಮೇಲೆ ಗೋವಾ, ಮಂಗಳೂರು, ಉಡುಪಿಗಳ ಕಟ್ಟಡ ಕೆಲಸಕ್ಕೆ ಈ ಸೀಮೆಯ ಕುಟುಂಬಗಳು ಗುಳೆ ಹೋಗುತ್ತವೆ. ಹುನಗುಂದದ ಎರಿ ಹೊಲಗಳ ಕೂಲಿಗೆ ಪಟ್ಟಣದ ಅಂಚಿನ ಓಣಿಗಳಿಂದಲೇ ಜನ ನಸುಕಿನಲ್ಲಿ ಹೊರಡುತ್ತಾರೆ. ಈ ಮನೆಗಳ ಮಕ್ಕಳೇ ಎ ವಲಯದ ಸರ್ಕಾರಿ ಶಾಲೆಯ ಮಕ್ಕಳು.

ಇಲ್ಲಿ ಒಂದು ಜರಡಿಯ ಲೆಕ್ಕವಿದೆ. ಸಣ್ಣ ಹಳ್ಳಿಯೊಂದರಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಶಾಲೆ. ಹತ್ತೆಕರೆ ಹೊಲದ ರೈತನ ಮಗಳೂ ಆ ಹೊಲದಲ್ಲಿ ಕಳೆ ಕೀಳುವವಳ ಮಗನೂ ಅದೇ ಪಡಸಾಲೆಯಲ್ಲಿ ಕೂರುತ್ತಾರೆ. ಶಾಲೆಯ ಮಾಳಿಗೆ ಸೋರಿದರೆ ಪಂಚಾಯತಿಯಲ್ಲಿ ಕೇಳುವ ದನಿಯೊಂದಾದರೂ ಇರುತ್ತದೆ. ಪಟ್ಟಣದಲ್ಲಿ ಹಾಗಲ್ಲ. ಖಾಸಗಿ ಶಾಲೆಗಳು ಓಣಿಗೊಂದರಂತೆ ಇವೆ. ತಿಂಗಳಿಗೆ ಸ್ವಲ್ಪ ದುಡ್ಡು ಉಳಿಸಬಲ್ಲವರು ಮಕ್ಕಳನ್ನು ಅಲ್ಲಿಗೆ ಕಳಿಸುತ್ತಾರೆ. ಅವರ ಹಿಂದೆ ಅಂಗಡಿಕಾರರು, ಗುಮಾಸ್ತರು ಹೋಗುತ್ತಾರೆ. ಸಾಲ ಮಾಡಿಯಾದರೂ ಕಳಿಸಬಲ್ಲವರು ಆಮೇಲೆ ಹೋಗುತ್ತಾರೆ. ಕೊನೆಗೆ ಸರ್ಕಾರಿ ಶಾಲೆಯಲ್ಲಿ ಉಳಿಯುವುದು ಎಲ್ಲಿಗೂ ಹೋಗಲಾರದವರ ಮಕ್ಕಳು. ಹೀಗಾಗಿ ಊರು ದೊಡ್ಡದಾದಷ್ಟೂ ಜರಡಿಯ ಕಣ್ಣು ಸಣ್ಣದಾಗುತ್ತ, ಅಲ್ಲಿನ ಸರ್ಕಾರಿ ತರಗತಿಯಲ್ಲಿ ಬಡತನ ದಟ್ಟವಾಗುತ್ತ ಹೋಗುತ್ತದೆ. ಮಕ್ಕಳ ಸಂಖ್ಯೆ ಕಡಿಮೆಯಾದರೆ ಶಿಕ್ಷಕರ ಹುದ್ದೆಯೂ ಹೋಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು ಸಾಕು. ಎಣಿಕೆಯಲ್ಲಿ ಅದು ಸರಿ. ಆದರೆ ಆ ಇಬ್ಬರ ಮುಂದೆ ಐದು ತರಗತಿಗಳಿರುತ್ತವೆ. ಮನೆಯಲ್ಲಿ ಅಕ್ಷರ ಹೇಳಿಕೊಡುವವರು ಯಾರೂ ಇಲ್ಲದ ಮಕ್ಕಳೇ ಅಲ್ಲಿ ಹೆಚ್ಚಿರುತ್ತಾರೆ.

ಈ ಮಕ್ಕಳ ಕಲಿಕೆಯ ಅಳತೆ ಕೂಡ ನಮ್ಮ ಸಾರ್ವಜನಿಕ ಚರ್ಚೆಗೆ ಸರಿಯಾಗಿ ಬಂದಿಲ್ಲ. ಎರಡನೇ ತರಗತಿಯ ಪಾಠವನ್ನು ಐದನೇ ತರಗತಿಯ ಎಷ್ಟು ಮಕ್ಕಳು ಓದಬಲ್ಲರು ಎಂದು ಪತ್ರಿಕೆಗಳು ಬರೆಯುವಾಗ ಅವು ನೆಚ್ಚುವುದು ಬಹುಮಟ್ಟಿಗೆ 2005ರಿಂದ ಪ್ರಥಮ್ ಸಂಸ್ಥೆ ಮುಂದೆ ನಿಂತು ನಡೆಸುತ್ತಿರುವ ‘ಅಸರ್’ ಸಮೀಕ್ಷೆಯನ್ನು. ಅದು ಮನೆಮನೆಗೆ ಹೋಗಿ ಮಗುವನ್ನು ಓದಿಸಿ ನೋಡುವ ಒಳ್ಳೆಯ ಸಮೀಕ್ಷೆ; ಆದರೆ ಹೋಗುವುದು ಹಳ್ಳಿಗಳಿಗೆ. ಇಳಕಲ್ಲಿನ ನೇಕಾರ ಓಣಿಯ ಮಗು, ನವನಗರದ ಅಂಚಿನ ತಗಡಿನ ಮನೆಯ ಮಗು ಆ ಲೆಕ್ಕದ ಹೊರಗೆ ಉಳಿಯುತ್ತಾರೆ. ಬಾದಾಮಿಯ ಬಂಡೆಯ ಮೇಲೆ ಕ್ರಿ.ಶ. 700ರ ಸುಮಾರಿಗೆ ಕೆತ್ತಿದ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿಯ ಅತಿ ಹಳೆಯ ಮಾದರಿ ಸಿಗುವುದು ಅಲ್ಲಿಯೇ. ಆ ಬಂಡೆಯ ನೆರಳಿನ ಓಣಿಗಳಲ್ಲಿ ಎಷ್ಟು ಮಕ್ಕಳು ಕನ್ನಡವನ್ನು ತಡವರಿಸದೆ ಓದುತ್ತಾರೆ ಎಂಬುದು, ಶಾಸನದ ಕಾಲ ಎಷ್ಟು ಎಂಬುದಕ್ಕಿಂತ ಕಡಿಮೆ ಮುಖ್ಯವಾದ ಪ್ರಶ್ನೆ ಖಂಡಿತ ಅಲ್ಲ.

ಹಾಗಾದರೆ ಇಂಥ ಶಾಲೆಯ ಶಿಕ್ಷಕರಾಗಲು ಏನು ಬೇಕು? ಇಳಕಲ್ ಸೀರೆಯನ್ನು ಬಲ್ಲವರಿಗೆ ನಾನು ಹೇಳುವುದು ಬೇಗ ತಿಳಿದೀತು. ಆ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದ್ದಿರಬಹುದು, ಸೆರಗು ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವ ಕೆಲಸಕ್ಕೆ ಕೊಂಡಿ ಎನ್ನುತ್ತಾರೆ. ಕೊಂಡಿ ಹಾಕುವುದಕ್ಕೆ ತಾಳ್ಮೆ ಬೇಕು, ಎರಡೂ ನೂಲಿನ ಗುಣ ಗೊತ್ತಿರಬೇಕು. ಪಟ್ಟಣದ ಶಾಲೆಯಲ್ಲಿ ಮನೆಯ ನುಡಿಗೂ ಪುಸ್ತಕದ ನುಡಿಗೂ ನಡುವೆ ಇಂಥ ಕೊಂಡಿ ಬೇಕಾಗಿದೆ. ಒಂದೇ ತರಗತಿಯಲ್ಲಿ ಮನೆಯಲ್ಲಿ ಲಂಬಾಣಿ ಆಡುವ ಮಗು ಇರುತ್ತದೆ, ಉರ್ದು ಆಡುವ ಮಗು ಇರುತ್ತದೆ. ಕನ್ನಡವೇ ಮನೆಮಾತಾದ ಮಗುವೂ ‘ಹೋಗೂಣು, ಬರ್ರಿ, ಹ್ಯಾಂಗ’ ಎನ್ನುವ ಕನ್ನಡದಿಂದ ಬಂದು ಪಠ್ಯಪುಸ್ತಕದ ‘ಹೋಗೋಣ, ಬನ್ನಿ, ಹೇಗೆ’ಗಳನ್ನು ಎದುರಿಸುತ್ತದೆ. ಮಗು ಆಡಿದ್ದನ್ನು ತಪ್ಪೆಂದು ಅಳಿಸಿಬಿಡುವ ಶಿಕ್ಷಕರ ಕೈಯಲ್ಲಿ ಆ ಎಳೆ ಹರಿಯುತ್ತದೆ. ಮಗುವಿನ ಮಾತನ್ನು ಹಿಡಿದುಕೊಂಡು ಪುಸ್ತಕದ ಮಾತಿನವರೆಗೆ ಒಯ್ಯುವುದು ಕಲಿತರೆ ಮಾತ್ರ ಬರುವ ವಿದ್ಯೆ. ಹಾಗೆಯೇ ಮಗ್ಗದ ಮನೆಯ ಮಗುವಿಗೆ ಎಳೆಗಳ ಎಣಿಕೆ, ಅಂಚಿನ ವಿನ್ಯಾಸದ ಪುನರಾವರ್ತನೆ, ಅಳತೆ ಎಲ್ಲ ಕಣ್ಣಿನಿಂದಲೇ ಗೊತ್ತಿರುತ್ತದೆ. ಅದರಲ್ಲಿ ಗಣಿತವಿದೆ ಎಂದು ತೋರಿಸಿಕೊಡಲು ಶಿಕ್ಷಕರು ಒಮ್ಮೆಯಾದರೂ ಆ ಮಗ್ಗದ ಕುಣಿಯ ಪಕ್ಕ ಕೂತು ನೋಡಿರಬೇಕು.

ಮಕ್ಕಳ ಬದುಕನ್ನು ನೋಡಿ ಪಾಠ ಕಟ್ಟುವುದು ನಮ್ಮ ನಾಡಿಗೆ ಹೊಸತೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿನ ಶಾಲೆಗಳಲ್ಲಿ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಹುಟ್ಟಿದ್ದು ಹೀಗೆಯೇ. ಅಲ್ಲಿನ ಶಿಕ್ಷಕರು ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡು ಬಂದು, ತಮ್ಮ ಮಕ್ಕಳಿಗೆ ತಕ್ಕ ಕಲಿಕೆಯ ಕಾರ್ಡುಗಳನ್ನು, ಮೆಟ್ಟಿಲುಗಳನ್ನು ತಾವೇ ಹೊಸೆದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಒಂದು ಜಾಗದ ಮಕ್ಕಳನ್ನು ಹತ್ತಿರದಿಂದ ನೋಡಿ ಕಟ್ಟಿದ್ದರಿಂದಲೇ ಅದರಲ್ಲಿ ಜೀವವಿತ್ತು. ಪಟ್ಟಣದ ಬಡ ಓಣಿಗಳನ್ನು ಅಷ್ಟೇ ಹತ್ತಿರದಿಂದ ನೋಡುವ ಕೆಲಸ ಇನ್ನೂ ಬಾಕಿ ಇದೆ. ಅದಕ್ಕೆ ಬೇಕಾದ ಸಾಧನ ನಮ್ಮಲ್ಲಿಯೇ ಇದೆ. ಬಾಗಲಕೋಟೆ ಜಿಲ್ಲೆಯ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಎಲ್ಲರೂ ಡಯಟ್ ಎನ್ನುವುದು, ಇರುವುದು ಜಿಲ್ಲಾ ಕೇಂದ್ರದಲ್ಲಲ್ಲ, ಇಳಕಲ್ಲಿನಲ್ಲಿ, ನೇಕಾರರ ನಡುವೆ. ಎರಡು ವರ್ಷದ ಡಿ.ಎಲ್.ಇಡಿ ಓದುವವರು ಕನಿಷ್ಠ 20 ವಾರ ಶಾಲೆಯಲ್ಲಿ ಕಳೆಯಬೇಕೆಂಬುದು 2014ರಿಂದ ಇರುವ ನಿಯಮ. ಆ ವಾರಗಳಲ್ಲಿ ಅರ್ಧವನ್ನಾದರೂ ಈ ನಾಲ್ಕು ಪಟ್ಟಣಗಳ ಸರ್ಕಾರಿ ಶಾಲೆಗಳಲ್ಲಿ, ನುರಿತ ಒಬ್ಬ ಮಾಸ್ತರರ ಇಲ್ಲವೇ ಅಕ್ಕೋರ ಕೈಕೆಳಗೆ, ಒಂದೇ ತರಗತಿಯ ಜೊತೆ ಕಳೆಯುವಂತೆ ಮಾಡಿದರೆ ಖರ್ಚೇನೂ ಹೆಚ್ಚುವುದಿಲ್ಲ. ಅಮೆರಿಕದ ಬೋಸ್ಟನ್ ನಗರ 2003ರಲ್ಲಿ ಇದೇ ದಾರಿ ಹಿಡಿಯಿತು. ವೈದ್ಯ ವಿದ್ಯಾರ್ಥಿ ಆಸ್ಪತ್ರೆಯಲ್ಲಿ ಕಲಿಯುವಂತೆ, ಮುಂದೆ ಆ ನಗರದ ಸರ್ಕಾರಿ ಶಾಲೆಗಳಲ್ಲೇ ಕಲಿಸಲಿರುವವರು ಇಡೀ ವರ್ಷ ಅಲ್ಲಿನ ತರಗತಿಯಲ್ಲೇ ಹಿರಿಯರ ಜೊತೆ ದುಡಿದು ಕಲಿಯುತ್ತಾರೆ. ಬೋಸ್ಟನ್ನಿನ ಹಣ ನಮ್ಮಲ್ಲಿಲ್ಲ, ಆದರೆ ಕಲಿಸುವ ಊರಲ್ಲೇ ಕಲಿಯಬೇಕು ಎಂಬ ವಿವೇಕಕ್ಕೆ ಹಣ ಬೇಕಿಲ್ಲ.

ತಯಾರಿಯಷ್ಟೇ ಮುಖ್ಯವಾದದ್ದು ನಿಲ್ಲುವುದು. ನ್ಯೂಯಾರ್ಕ್ ನಗರದ ಶಾಲೆಗಳ ಎಂಟು ವರ್ಷಗಳ ಫಲಿತಾಂಶಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಶಿಕ್ಷಕರು ಹೆಚ್ಚಾಗಿ ಬದಲಾಗುವ ಕಡೆ ಮಕ್ಕಳ ಭಾಷೆ ಮತ್ತು ಗಣಿತದ ಕಲಿಕೆ ಕುಗ್ಗುತ್ತದೆ, ಆ ಪೆಟ್ಟು ಹಿಂದುಳಿದ ಮಕ್ಕಳೇ ಹೆಚ್ಚಿರುವ ಶಾಲೆಗಳಲ್ಲಿ ಇನ್ನೂ ಜೋರು ಎಂದು ತೋರಿಸಿತು. ಅದಕ್ಕೆ ಕಾರಣ ಹುಡುಕಲು ನ್ಯೂಯಾರ್ಕಿಗೆ ಹೋಗಬೇಕಿಲ್ಲ. ಯಾವ ಮಗು ಯಾಕೆ ಸೋಮವಾರ ಬರುವುದಿಲ್ಲ, ಯಾರ ಮನೆಯಲ್ಲಿ ಕುಡಿತವಿದೆ, ಯಾವ ಹುಡುಗಿಗೆ ಕಣ್ಣು ಮಂಜು ಎಂಬ ಅರಿವು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಅದು ಶಿಕ್ಷಕರ ತಲೆಯಲ್ಲಿ ಇರುತ್ತದೆ, ಅವರೊಂದಿಗೆ ಊರು ಬಿಡುತ್ತದೆ. ವರ್ಷಕ್ಕೊಮ್ಮೆ ಬದಲಾಗುವ ಅತಿಥಿ ಶಿಕ್ಷಕರು ಎಷ್ಟೇ ಪ್ರಾಮಾಣಿಕರಾದರೂ ಜೂನ್‌ನಲ್ಲಿ ಹೆಸರು ಕಲಿಯುತ್ತಾರೆ, ಏಪ್ರಿಲ್‌ನಲ್ಲಿ ಹೊರಡುತ್ತಾರೆ. ಸೇವೆಯ ಕೊನೆಯ ಕೆಲವು ವರ್ಷಗಳಿಗೆಂದು ಪಟ್ಟಣಕ್ಕೆ ಬಂದವರ ವಿಷಯವೂ ಹೀಗೆಯೇ. ಅವರ ಅನುಭವ ದೊಡ್ಡದು, ಆದರೆ ಆ ಓಣಿಯ ಅರಿವು ಬೆಳೆಯುವ ಹೊತ್ತಿಗೆ ನಿವೃತ್ತಿ ಬರುತ್ತದೆ. ಆದ್ದರಿಂದ ಪಟ್ಟಣದ ಶಾಲೆಗೆ ಹೊಸಬರೂ ಬೇಕು, ಅವರು ನಿಲ್ಲಲೂ ಬೇಕು.

ಇದಕ್ಕೆ ಎದುರಾಗಿ ಬರಬಹುದಾದ ಮಾತುಗಳನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. ಮೊದಲನೆಯದು, ಹಳ್ಳಿಯ ಶಾಲೆಗಳಲ್ಲೇ ಶಿಕ್ಷಕರಿಲ್ಲ, ಅಂಥದರಲ್ಲಿ ಪಟ್ಟಣದ ಪರ ವಾದವೇ ಎಂಬುದು. ಸಿ ವಲಯದಿಂದ ಒಬ್ಬ ಶಿಕ್ಷಕರನ್ನೂ ಕಿತ್ತು ತರಬೇಕೆಂದು ನಾನು ಹೇಳುತ್ತಿಲ್ಲ. ಕಷ್ಟವನ್ನು ಅಳೆಯುವ ಕೋಲು ಬದಲಾಗಲಿ ಎನ್ನುತ್ತಿದ್ದೇನೆ. ಶಾಲೆ ಪಟ್ಟಣದಿಂದ ಎಷ್ಟು ದೂರ ಎಂಬ ಅಳತೆಯ ಜೊತೆಗೆ ಶಾಲೆಯ ಮಕ್ಕಳು ಅಕ್ಷರದಿಂದ ಎಷ್ಟು ದೂರ ಎಂಬ ಅಳತೆಯೂ ಸೇರಲಿ. ಆಗ ಎ ವಲಯದ ಒಳಗೇ ಕೆಲವು ಶಾಲೆಗಳು ಸಿ ವಲಯದ ತೂಕಕ್ಕೆ ಬರುತ್ತವೆ, ಅಲ್ಲಿ ದುಡಿದ ವರ್ಷಗಳಿಗೆ ಅದೇ ಬೆಲೆ ಸಿಗುತ್ತದೆ. ಎರಡನೆಯದು, ತಂದೆತಾಯಿಗೆ ಇಂಗ್ಲಿಷ್ ಬೇಕಾಗಿದೆ, ಸರ್ಕಾರಿ ಶಾಲೆ ಹೇಗೂ ಖಾಲಿಯಾಗುತ್ತಿದೆ ಎಂಬುದು. ತಂದೆತಾಯಿಯ ಆಸೆ ತಪ್ಪಲ್ಲ. 2019-20ರಲ್ಲಿ ರಾಜ್ಯ ಸರ್ಕಾರ ಒಂದು ಸಾವಿರ ಶಾಲೆಗಳಲ್ಲಿ ಕನ್ನಡದ ಜೊತೆ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದದ್ದು ಆ ಆಸೆಯನ್ನು ಒಪ್ಪಿಕೊಂಡೇ. ಆದರೆ ಮಾಧ್ಯಮದ ಫಲಕ ಬದಲಿಸಿದ ಮಾತ್ರಕ್ಕೆ ಇಂಗ್ಲಿಷ್ ಬರುವುದಿಲ್ಲ. ಮನೆಯ ನುಡಿಯಲ್ಲಿ ಓದಲು ಬರೆಯಲು ಗಟ್ಟಿಯಾದ ಮಗುವಿಗೆ ಅದನ್ನು ಕಲಿಸಬಲ್ಲ ಶಿಕ್ಷಕರಿದ್ದರೆ ಬರುತ್ತದೆ. ವಾದ ಸುತ್ತಿ ಬಂದು ನಿಲ್ಲುವುದು ಮತ್ತೆ ಶಿಕ್ಷಕರ ಬಳಿಯೇ.

ಮೂರನೆಯದು ಸರ್ಕಾರಿ ಶಿಕ್ಷಕರ ಮೇಲಿನ ಅಪನಂಬಿಕೆ: ಅವರು ಶಾಲೆಗೇ ಬರುವುದಿಲ್ಲ, ಅಂಥವರನ್ನು ನಂಬಿ ಏನಾದೀತು ಎಂಬುದು. ಅಜೀಂ ಪ್ರೇಮ್‌ಜಿ ಫೌಂಡೇಶನ್ 2017ರಲ್ಲಿ ಆರು ರಾಜ್ಯಗಳ 619 ಶಾಲೆಗಳನ್ನು ನೋಡಿ ಪ್ರಕಟಿಸಿದ ಅಧ್ಯಯನದಂತೆ, ಕಾರಣವಿಲ್ಲದೆ ಗೈರಾದ ಶಿಕ್ಷಕರು ಶೇಕಡಾ 2.5 ಮಾತ್ರ. ಉಳಿದ ಗೈರಿನ ಹಿಂದೆ ರಜೆ, ತರಬೇತಿ, ಇಲಾಖೆಯ ಬೇರೆ ಕೆಲಸಗಳಿದ್ದವು. ಪಟ್ಟಣದ ಶಿಕ್ಷಕರಿಗೆ ಈ ಬೇರೆ ಕೆಲಸದ ಹೊರೆ ವಿಶೇಷವಾಗಿ ಬೀಳುತ್ತದೆ. ಕಚೇರಿಗಳು ಹತ್ತಿರ, ಕರೆದ ಕೂಡಲೇ ಸಿಗುವವರು ಅವರೇ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರಾವ ಕೆಲಸಕ್ಕೂ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಆ ಕಲಮನ್ನು ಅಕ್ಷರಶಃ ಪಾಲಿಸಿದರೆ ಮಕ್ಕಳಿಗೆ ಎಷ್ಟೋ ದಿನಗಳ ಪಾಠ ಮರಳಿ ಸಿಗುತ್ತದೆ.

ನಾಲ್ಕನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು. ಮನೆಯ ಬಡತನ, ಗುಳೆ, ಕುಡಿತ ಇವನ್ನು ಬದಲಿಸದೆ ಶಿಕ್ಷಕರು ಒಬ್ಬರೇ ಏನು ಮಾಡಿಯಾರು? ನಿಜ, ಶಿಕ್ಷಕರು ಕೂಲಿ ಹೆಚ್ಚಿಸಲಾರರು, ಸೀರೆಗೆ ಬೆಲೆ ತರಲಾರರು. ಹೊಟ್ಟೆಯ ಚಿಂತೆಯನ್ನು ಬಿಸಿಯೂಟ ಒಂದಿಷ್ಟು ಇಳಿಸಿದೆ, ಉಳಿದದ್ದು ಸಮಾಜದ, ಸರ್ಕಾರದ ಹೊಣೆ. ಆದರೆ ಮನೆಯ ಬಾಗಿಲಿಗೆ ಹೋಗುವುದು ಏನನ್ನೂ ಬದಲಿಸದು ಎಂದು ಇಳಕಲ್ಲಿನಲ್ಲಿ ನಿಂತು ಯಾರೂ ಹೇಳಲಾರರು. ಅಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಓಣಿ ಓಣಿ ತಿರುಗಿದರು. ಕಾಳು ಕಡಿ ಬೇಡಲಿಲ್ಲ, ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿರಿ ಎಂದು ಬೇಡಿದರು. ಮಹಾಂತ ಜೋಳಿಗೆ ನಾಡಿನಾಚೆಗೂ ಹೋಯಿತು; ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಅವರು ಮಠದಲ್ಲಿ ಕೂತು ಉಪದೇಶ ಮಾಡಿದ್ದರೆ ಬಾರದ ಜನರ ಬಳಿಗೆ ತಾವೇ ನಡೆದು ಹೋದದ್ದು ಅದರ ಬಲ. ಪಟ್ಟಣದ ಬಡ ಶಾಲೆಯ ಶಿಕ್ಷಕರ ಕೆಲಸದಲ್ಲೂ ಈ ನಡಿಗೆಗೆ ಜಾಗವಿರಬೇಕು. ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರ ವಾರಕ್ಕೆ ಪಾಠದ ತಯಾರಿಯೂ ಸೇರಿ 45 ಗಂಟೆ ಗೊತ್ತುಮಾಡಿದೆ. ಅದರಲ್ಲಿ ಎರಡು ಗಂಟೆ ಮನೆಭೇಟಿಗೆಂದು ಅಧಿಕೃತವಾಗಿ ಎಣಿಕೆಯಾದರೆ, ಗುಳೆ ಹೊರಟ ತಾಯಿಯ ಜೊತೆ ಮಗುವನ್ನು ಅಜ್ಜಿಯ ಬಳಿ ಬಿಡುವ ಬಗ್ಗೆ, ಇಲ್ಲವೇ ಹೋದ ಊರಿನಲ್ಲಿ ಶಾಲೆಗೆ ಸೇರಿಸುವ ಬಗ್ಗೆ ಮಾತಾಡಲು ಹೊತ್ತು ಸಿಗುತ್ತದೆ.

ಊರಿನವರ ಪಾಲೂ ಇದೆ. ಈ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಾಗ, 1918ರಲ್ಲಿ ವಿಠ್ಠಲಭಾಯಿ ಪಟೇಲರು ತಂದ ಪ್ರಾಥಮಿಕ ಶಿಕ್ಷಣ ಕಾಯ್ದೆ ಕಡ್ಡಾಯ ಶಿಕ್ಷಣ ಜಾರಿಗೊಳಿಸುವ ಅಧಿಕಾರವನ್ನು ಪುರಸಭೆಗಳಿಗೆ ಕೊಟ್ಟಿತ್ತು. ಶಾಲೆ ಊರಿನ ಹೊಣೆ ಎಂಬ ತಿಳಿವಳಿಕೆ ಅದರಲ್ಲಿತ್ತು. ಅದಕ್ಕೂ ಮೊದಲೇ, 1906ರಲ್ಲಿ, ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಊರಿನವರ ದೇಣಿಗೆ, ದುಡಿಮೆಗಳ ಬಲದ ಮೇಲೆ. ಇಂದು ಪಟ್ಟಣದ ಶಾಲೆ ಇಲಾಖೆಯದು, ಓಣಿ ಪುರಸಭೆಯದು. ಶಾಲೆಯ ಮುಂದಿನ ಗಟಾರದ ಬಗ್ಗೆ ಮಾತಾಡುವ ಸಭೆಯಲ್ಲಿ ಶಾಲೆಯ ಒಳಗಿನ ಓದಿನ ಮಾತು ಬರುವುದಿಲ್ಲ. ವಾರ್ಡಿನ ಸದಸ್ಯರು ವರ್ಷಕ್ಕೆರಡು ಸಲ ಶಾಲಾಭಿವೃದ್ಧಿ ಸಮಿತಿಯ ಜೊತೆ ಕೂತು ತಮ್ಮ ಓಣಿಯ ಮಕ್ಕಳ ಹಾಜರಿಯನ್ನೂ ಓದನ್ನೂ ಕೇಳಿದರೆ, ಅಲ್ಲಿ ದುಡಿಯುವ ಶಿಕ್ಷಕರಿಗೆ ತಾವು ಒಂಟಿ ಎಂಬ ಭಾವ ಕಡಿಮೆಯಾಗುತ್ತದೆ.

ಕೊನೆಯದಾಗಿ, ಈಗ ಡಿ.ಎಲ್.ಇಡಿ, ಬಿ.ಇಡಿ ತರಗತಿಗಳಲ್ಲಿ ಕೂತಿರುವ, ಅರ್ಹತಾ ಪರೀಕ್ಷೆಗೆ ಓದುತ್ತಿರುವ ತರುಣ ತರುಣಿಯರಿಗೆ ಒಂದು ಮಾತು. ನಿಮ್ಮಲ್ಲಿ ಬಹಳಷ್ಟು ಮಂದಿ ಇಂಥದೇ ಓಣಿಗಳಿಂದ ಬಂದವರು. ಒಂದನೇ ತರಗತಿಗೆ ಸೇರಿದ ಮಗು ಏಳನೆಯದನ್ನು ದಾಟಲು ಏಳು ವರ್ಷ ಬೇಕು. ಅಷ್ಟು ಕಾಲ ಒಂದೇ ಶಾಲೆಯಲ್ಲಿ ನಿಲ್ಲುವ ಶಿಕ್ಷಕರು, ಒಂದು ತಂಡದ ಮಕ್ಕಳು ಮೊದಲ ಅಕ್ಷರ ತಿದ್ದಿದ್ದನ್ನೂ ಅದೇ ಮಕ್ಕಳು ಪತ್ರಿಕೆ ಓದಿದ್ದನ್ನೂ ಕಾಣುತ್ತಾರೆ. ನಿಮಗೆ ಸ್ಥಳ ಆಯ್ಕೆಯ ದಿನ ಬಂದಾಗ, ಖಾಲಿ ಹುದ್ದೆಗಳ ಪಟ್ಟಿಯಲ್ಲಿ ಇಳಕಲ್ಲಿನ ನೇಕಾರ ಓಣಿಯ ಶಾಲೆಯೋ, ನವನಗರದ ಅಂಚಿನ ಶಾಲೆಯೋ ಕಂಡರೆ, ಅದು ಬಸ್ ನಿಲ್ದಾಣಕ್ಕೆ ಹತ್ತಿರ ಎಂಬ ಕಾರಣಕ್ಕೆ ಆರಿಸಬೇಡಿ. ಅಲ್ಲಿ ಏಳು ವರ್ಷ ನಿಲ್ಲುತ್ತೇನೆ ಎಂಬ ಮನಸ್ಸಿದ್ದರೆ ಆರಿಸಿ. ನಿಲ್ಲಲು ಬೇಕಾದ ತರಬೇತಿಯನ್ನೂ, ವರ್ಗಾವಣೆಯ ನ್ಯಾಯವನ್ನೂ, ಊರಿನ ಆಸರೆಯನ್ನೂ ಒದಗಿಸುವುದು ನಮ್ಮೆಲ್ಲರ ಸಾಲ.